ಕ್ಯೂ ಅಕ್ಕ ಸಾಲು ಬಿಟ್ಟ ದಿನ

ನನ್ನ ಅತ್ತಿಗೆಯ ಕಸುಬು ನಿಲ್ಲುವುದು. ನಗಬೇಡಿ. ಹೀಗೆ ಹೇಳಿದಾಗಲೆಲ್ಲ ಜನ ಹಲ್ಲು ಕಿರಿಯುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಆಸ್ಪತ್ರೆಯ ಚೀಟಿ ಬರೆಸುವ ಕಿಟಕಿ, ಕರೆಂಟ್ ಬಿಲ್ಲಿನ ಕಿಟಕಿ, ಪಿಂಚಣಿಯ ಕಿಟಕಿ, ರೈಲು ಟಿಕೆಟ್ಟಿನ ಕಿಟಕಿ, ಹೀಗೆ ಊರಿನಲ್ಲಿ ಎಲ್ಲೆಲ್ಲಿ ಕಿಟಕಿಯ ಮುಂದೆ ಜನ ಸಾಲುಗಟ್ಟುತ್ತಾರೋ ಅಲ್ಲೆಲ್ಲ ಅವಳು ಬೇರೆಯವರ ಬದಲಿಗೆ ನಿಲ್ಲುತ್ತಾಳೆ. ಕಿಟಕಿ ಹತ್ತಿರವಾದಾಗ ಗಿರಾಕಿಗೆ ಫೋನ್ ಮಾಡುತ್ತಾಳೆ. ಅವರು ತಲೆ ಬಾಚಿಕೊಂಡು, ಟೀ ಕುಡಿದುಕೊಂಡು, ಆರಾಮವಾಗಿ ಬಂದು ಅವಳ ಜಾಗದಲ್ಲಿ ನಿಲ್ಲುತ್ತಾರೆ. ಕೊಟ್ಟಷ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇವಳು ಪಕ್ಕಕ್ಕೆ ಸರಿಯುತ್ತಾಳೆ. ಊರಿಗೆಲ್ಲ ಅವಳು ಕ್ಯೂ ಅಕ್ಕ.

ಒಂದೇ ಹೊತ್ತಿಗೆ ನಾಲ್ಕಾರು ಗಿರಾಕಿಗಳು ಬಂದರೆ ಅದಕ್ಕೂ ಅವಳದೊಂದು ಪದ್ಧತಿ ಇದೆ. ಒಬ್ಬೊಬ್ಬರಿಂದಲೂ ಒಂದೊಂದು ಸಾಮಾನು ಇಸಿದುಕೊಳ್ಳುತ್ತಾಳೆ. ಹಳೇ ಚಪ್ಪಲಿಯೋ, ಕೊಡೆಯೋ, ಕೈಚೀಲವೋ, ನೀರಿನ ಬಾಟಲಿಯೋ. ಅವನ್ನು ತನ್ನ ಹಿಂದೆ ಒಂದರ ಬೆನ್ನಿಗೆ ಒಂದು ಇಟ್ಟುಕೊಂಡು ನಿಲ್ಲುತ್ತಾಳೆ. ಸಾಲು ಒಂದು ಹೆಜ್ಜೆ ಸರಿದರೆ ಅವನ್ನೂ ಕಾಲಿನಲ್ಲೇ ಒಂದು ಹೆಜ್ಜೆ ತಳ್ಳುತ್ತಾಳೆ. ಯಾರಾದರೂ ಹೊಸಬರು ಬಂದು ಆ ಚಪ್ಪಲಿಗಳನ್ನು ದಾಟಿ ನಿಂತರೋ, ಮುಗಿಯಿತು. "ಆ ಚಪ್ಪಲಿ ಮನೇಲೂ ಜ್ವರ ಬಂದಿರೋ ಮಗು ಇದೆ ಕಣಪ್ಪ. ಹಿಂದಕ್ಕೆ ಹೋಗು," ಅನ್ನುತ್ತಾಳೆ. ದನಿ ಏರಿಸುವುದಿಲ್ಲ. ಬಾಯಿಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತದೆ, ಅದನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿ ಅವರನ್ನು ಸುಮ್ಮನೆ ನೋಡುತ್ತಾಳೆ. ಆ ನೋಟಕ್ಕೆ ಪೈಲ್ವಾನರೂ ಹಿಂದೆ ಸರಿದದ್ದನ್ನು ನಾನು ಕಂಡಿದ್ದೇನೆ.

ನಾನು ಅವಳ ನಾದಿನಿ. ಬೀದಿಯ ಮೂಲೆಯಲ್ಲಿ, ಶಾಲೆಯ ಗೇಟಿನ ಎದುರಿಗೆ, ನನ್ನದೊಂದು ಇಸ್ತ್ರಿ ಅಂಗಡಿ. ಅಂಗಡಿಯ ಮೇಲಿನ ಕೋಣೆಯಲ್ಲಿ ಅಣ್ಣ, ಅತ್ತಿಗೆ. ಬೆಳಗಿನಿಂದ ಸಂಜೆಯವರೆಗೆ ಬಿಸಿ ಇಸ್ತ್ರಿಯ ಪಕ್ಕದಲ್ಲಿ ನಿಲ್ಲುವವಳಿಗೆ ತಣ್ಣನೆಯ ಮಾತು ಎಲ್ಲಿಂದ ಬರಬೇಕು? ಆದ್ದರಿಂದ ನನ್ನ ಮಾತು ಸ್ವಲ್ಪ ಖಾರ ಅನ್ನಿಸಿದರೆ ಸಹಿಸಿಕೊಳ್ಳಿ.

ಅಣ್ಣ ಲಾರಿ ಓಡಿಸುತ್ತಿದ್ದವನು. ಆನೆಯಂಥ ಆಳು. ಒಂದು ದಿನ ಸ್ನಾನ ಮಾಡಿ ಬಂದವನು ಟವೆಲ್ ಹಿಡಿದುಕೊಂಡೇ ಕುಸಿದ. ಲಕ್ವ. ಎಡಗಾಲು, ಎಡಗೈ ಎರಡೂ ಬಿದ್ದುಹೋದವು. ದೊಡ್ಡ ಡಾಕ್ಟರು, "ದಿನ ಬಿಟ್ಟು ದಿನ ವ್ಯಾಯಾಮ ಮಾಡಿಸಿದ್ರೆ ನಡೀತಾರೆ, ಬಿಟ್ರೆ ಮಂಚವೇ ಗತಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟರು. ನಮ್ಮ ಪುಣ್ಯಕ್ಕೆ ಬೀದಿಯ ತುದಿಯಲ್ಲೇ ಒಂದು ಸಣ್ಣ ಸರ್ಕಾರಿ ಆಸ್ಪತ್ರೆ ಇದೆ. ಅದರ ಹಿಂದಿನ ಕೋಣೆಯಲ್ಲಿ ಎರಡು ಕಂಬಿಗಳ ನಡುವೆ ನಡೆಸಿ ಕಾಲಿಗೆ ಜೀವ ತುಂಬಿಸುವ ಹುಡುಗಿಯೊಬ್ಬಳಿದ್ದಾಳೆ. ಅತ್ತಿಗೆ ಅಣ್ಣನ ತೋಳನ್ನು ಹೆಗಲ ಮೇಲೆ ಹಾಕಿಕೊಂಡು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಮೊದಲು ಕಾಲು ಎಳೆದುಕೊಂಡು ಬರುತ್ತಿತ್ತು. ಆಮೇಲೆ ಮೊಣಕಾಲು ಮಡಚಿತು. ಒಂದು ದಿನ ಹೆಬ್ಬೆರಳು ಅಲ್ಲಾಡಿತು ಎಂದು ಅತ್ತಿಗೆ ಓಡಿಬಂದು ನನಗೆ ಹೇಳಿದಾಗ ನಾವಿಬ್ಬರೂ ಅತ್ತುಬಿಟ್ಟೆವು. ಯಾರದೋ ಅಂಗಿಗೆ ಇಸ್ತ್ರಿಯ ಗುರುತು ಬಿತ್ತು. ಬೀಳಲಿ ಬಿಡಿ.

ಅಷ್ಟರಲ್ಲೇ ಆಸ್ಪತ್ರೆಯ ಗೋಡೆಗೆ ನೋಟೀಸು ಅಂಟಿಸಿದರು. ಚುನಾವಣೆ ಮುಗಿದ ಮೇಲೆ ಈ ಆಸ್ಪತ್ರೆ ಮುಚ್ಚುತ್ತದೆ, ಜಾಗದಲ್ಲಿ ಕಾರು ನಿಲ್ಲಿಸುವ ಕಟ್ಟಡ ಬರುತ್ತದೆ, ರೋಗಿಗಳು ಊರಿನ ಇನ್ನೊಂದು ತುದಿಯ ದೊಡ್ಡಾಸ್ಪತ್ರೆಗೆ ಹೋಗತಕ್ಕದ್ದು. ಎರಡು ಬಸ್ ಬದಲಾಯಿಸಿ ಹೋಗಬೇಕಾದ ಜಾಗ. ಬಸ್ಸಿನ ಮೆಟ್ಟಿಲು ನನ್ನ ಮೊಣಕಾಲಿಗೆ ಬರುತ್ತದೆ. ಅಣ್ಣ ಅದನ್ನು ಹತ್ತುವುದಾದರೂ ಹೇಗೆ?

ಅತ್ತಿಗೆ ನನ್ನನ್ನೂ ಎಳೆದುಕೊಂಡು ವಾರ್ಡಿನ ಮೆಂಬರ ಕಚೇರಿಗೆ ಹೋದಳು. ಅಲ್ಲೂ ಕ್ಯೂ. ನಿಂತೆವು. ಮೆಂಬರು ಒಳಗೇ ಇದ್ದರು, ದರ್ಶನ ಕೊಡಲಿಲ್ಲ. ಅವರ ಸಹಾಯಕ ಬಂದು ಯಾವ ಬೀದಿ ಎಂದು ಕೇಳಿದ. ಹೇಳಿದೆವು. ಅವನು ನಕ್ಕ. "ನಿಮ್ಮ ಬೀದಿಯವ್ರು ವೋಟೇ ಹಾಕಲ್ವಲ್ಲಮ್ಮ! ಹಾಕೋರ ಕೆಲಸಾನೇ ಬೆಟ್ಟದಷ್ಟು ಬಿದ್ದಿದೆ. ನಿಮಗೋಸ್ಕರ ಯಾರು ತಲೆ ಕೆಡಿಸ್ಕೋತಾರೆ?"

ನಾನು ಅವನ ಕೊರಳಪಟ್ಟಿಗೆ ಕೈ ಹಾಕುವವಳಿದ್ದೆ. ಅತ್ತಿಗೆ ನನ್ನ ರಟ್ಟೆ ಹಿಡಿದು ಹೊರಗೆ ಕರೆತಂದಳು. ದಾರಿಯುದ್ದಕ್ಕೂ ನಾನು ಅವನ ವಂಶವನ್ನೆಲ್ಲ ಜಾಲಾಡುತ್ತಿದ್ದೆ. ಇವಳು ಲವಂಗ ಹೊರಳಿಸುತ್ತ ಮುಂದೆ ಮುಂದೆ ನಡೆದಳು. ಮನೆಯ ಮೆಟ್ಟಿಲ ಹತ್ತಿರ ಬಂದು ನಿಂತಳು.

"ಅವನು ಸುಳ್ಳು ಹೇಳ್ಲಿಲ್ಲ ಕಣೆ," ಅಂದಳು. "ನಾವು ಕ್ಯೂನಲ್ಲೇ ಇಲ್ಲ. ಕ್ಯೂನಲ್ಲಿ ಇಲ್ದೋರಿಗೆ ಪಾಳಿ ಎಲ್ಲಿಂದ ಬರುತ್ತೆ?"

ನಿಜ ಹೇಳಬೇಕೆಂದರೆ ನಮ್ಮ ಬೀದಿಗೆ ವೋಟು ಹಾಕದಿರುವುದೇ ಒಂದು ಜಂಬ. ಬೇಕರಿಯವನು ಬ್ರೆಡ್ ಕತ್ತರಿಸುತ್ತ, "ಎಲ್ಲಾ ಕಳ್ಳರೇ ಅಕ್ಕ, ಯಾವ ಕಳ್ಳನ್ನ ಆರಿಸೋದು?" ಅನ್ನುತ್ತಾನೆ. ನಿವೃತ್ತ ಮೇಷ್ಟ್ರು ಪೇಪರು ಮಡಚಿ, "ಒಂದು ವೋಟಿನಿಂದ ಏನಾಗುತ್ತಮ್ಮ, ಸಮುದ್ರಕ್ಕೆ ಒಂದು ಚಮಚ ನೀರು" ಎಂದು ನಿಟ್ಟುಸಿರು ಬಿಡುತ್ತಾರೆ. ನನಗೂ ಈ ರಾಜಕೀಯದವರನ್ನು ಕಂಡರೆ ಅಷ್ಟಕ್ಕಷ್ಟೇ. ಆದರೆ ಇವರೆಲ್ಲರಿಗೂ ಗುರು ನಮ್ಮಣ್ಣ. ಮೇಲಿನ ಕಿಟಕಿಯಲ್ಲಿ ಕೂತು ಬೀದಿಗೆಲ್ಲ ಕೇಳುವ ಹಾಗೆ ಭಾಷಣ ಮಾಡುತ್ತಾನೆ.

"ನಾನು ಲಾರಿ ಓಡಿಸ್ದೋನು. ಡ್ರೈವರ್ ಬದಲಾದ್ರೆ ರಸ್ತೆ ಗುಂಡಿ ಮುಚ್ಕೊಳ್ಳುತ್ತಾ? ಯಾರು ಬಂದ್ರೂ ಅಷ್ಟೇ!"

ಈ ಸಲ ಹಳೇ ಮೆಂಬರ ಎದುರಿಗೆ ನಿಂತವನು ಒಬ್ಬ ಮಾಜಿ ಬಸ್ ಕಂಡಕ್ಟರು. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಮಾತು. ಸಿಕ್ಕಿದ್ದಕ್ಕೆಲ್ಲ ಮಾಡ್ತೀನಿ ಅನ್ನುವ ಆಸಾಮಿ. ಆದರೆ ನಮ್ಮ ಮೂಲೆಯಲ್ಲೇ ನಿಂತು, ಹತ್ತು ಜನರ ಎದುರಿಗೆ, "ಗೆದ್ರೆ ಆಸ್ಪತ್ರೆ ಮುಚ್ಚಕ್ಕೆ ಬಿಡಲ್ಲ" ಅಂದಿದ್ದ.

"ಅವನ ಮಾತು ನಂಬ್ತೀಯಾ ಅತ್ತಿಗೆ?" ಎಂದು ಕೇಳಿದೆ.

"ನಂಬಲ್ಲ. ಆದ್ರೆ ಅವನು ಬಾಯಿಬಿಟ್ಟು ಹೇಳಿದಾನೆ. ಈ ಹಳೇ ಮೆಂಬರು ಗೋಡೆಗೆ ನೋಟೀಸು ಅಂಟಿಸಿಯೇ ಮುಚ್ತೀನಿ ಅಂದಿದಾನೆ. ಮುಚ್ತೀನಿ ಅಂದೋನಿಗೆ ಸುಮ್ಮನೆ ದಾರಿ ಬಿಟ್ಕೊಟ್ರೆ, ನಿಮ್ಮಣ್ಣ ಮತ್ತೆ ಮಂಚ ಹಿಡೀತಾರೆ. ನನಗೆ ಗೊತ್ತಿರೋ ರಾಜಕೀಯ ಇಷ್ಟೇ."

ಆಮೇಲೆ ಅವಳು ಮನೆಮನೆ ತಿರುಗಿದಳು. ಯಾರಿಗೆ ಹಾಕಿ ಎಂದು ಅನ್ನಲಿಲ್ಲ, ಹಾಕಿ ಎಂದಷ್ಟೇ ಅಂದಳು. ಬೀದಿಯವರು ಬೇಡ ಅನ್ನಲಿಲ್ಲ. ಅಷ್ಟು ವರ್ಷದ ಕ್ಯೂ ಅಕ್ಕನಿಗೆ ಯಾರು ಬೇಡ ಅಂದಾರು? ಒಬ್ಬರಾದ ಮೇಲೊಬ್ಬರು ತಲೆಯಾಡಿಸಿ, "ಖಂಡಿತಾ ಅಕ್ಕ. ನೀನು ಜಾಗ ಹಿಡಿದಿರು, ಹತ್ರ ಬಂದಾಗ ಫೋನ್ ಮಾಡು" ಎಂದು ಅಭ್ಯಾಸದಂತೆ ಸಾಮಾನು ತಂದುಕೊಟ್ಟರು. ಇವಳೂ ಅಭ್ಯಾಸದಂತೆ ಇಸಿದುಕೊಂಡಳು. ಅಲ್ಲೇ ಎಡವಟ್ಟಾಗಿದ್ದು. ಬೇರೆ ಯಾವ ಬೀದಿಯವರಾದರೂ ಇಂಥ ಪೆದ್ದು ಕೆಲಸ ಮಾಡುತ್ತಿರಲಿಲ್ಲ. ನಮಗೆ ಮಾತ್ರ, ಕ್ಯೂ ಅಂದರೆ ಅದು ನಮ್ಮ ಅಕ್ಕ ನಿಲ್ಲುವ ಜಾಗ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು.

ಮತದಾನದ ದಿನ ಬೆಳಕು ಹರಿಯುವ ಮೊದಲೇ ಅವಳು ಶಾಲೆಯ ಗೇಟಿನಲ್ಲಿದ್ದಳು. ಆದರೂ ಬೇರೆ ಬೀದಿಗಳ ಜನ ಅದಕ್ಕೂ ಮೊದಲೇ ಬಂದು ಉದ್ದಕ್ಕೆ ಸಾಲುಗಟ್ಟಿದ್ದರು, ಅವರ ಹಿಂದೆ ಅವಳು ನಿಂತಳು. ಹಿಂದೆ ನಾನು. ನನ್ನ ಹಿಂದೆ ಚಪ್ಪಲಿಗಳು, ಬೂಟುಗಳು, ಕೊಡೆಗಳು, ಬೇಕರಿಯವನ ತಗಡಿನ ಡಬ್ಬಿ, ಮೇಷ್ಟ್ರ ಊರುಗೋಲು, ಯಾರದೋ ಮಗುವಿನ ಮುರಿದ ಮೂರು ಚಕ್ರದ ಸೈಕಲ್ಲು. ಗೋಡೆಯುದ್ದಕ್ಕೂ ನೆಟ್ಟಗೆ, ಒಂದು ಅಂಗುಲ ಆಚೀಚೆ ಇಲ್ಲದಂತೆ ಜೋಡಿಸಿದ್ದಳು. ಅಣ್ಣನದು ಮಾತ್ರ ಏನೂ ಇರಲಿಲ್ಲ. ಕೇಳಿದ್ದಕ್ಕೆ ಗೋಡೆ ಕಡೆ ತಿರುಗಿ ಮಲಗಿದ್ದನಂತೆ.

ಗೇಟಿನ ಪೊಲೀಸಿನವನು ಬಂದು ನೋಡಿ ತಲೆ ಕೆರೆದುಕೊಂಡ. "ಏನಮ್ಮ ಇದು, ಚಪ್ಪಲಿ ಅಂಗಡೀನಾ?"

"ನಮ್ಮ ಬೀದಿ," ಅಂದಳು ಅತ್ತಿಗೆ.

ಅವನು ಒಳಗೆ ಹೋಗಿ ಮತಗಟ್ಟೆಯ ಅಧಿಕಾರಿಯನ್ನು ಕರೆತಂದ. ಕನ್ನಡಕದ ಹೆಂಗಸು, ಸಂಭಾವಿತೆ. ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ನಗು ತಡೆದುಕೊಂಡದ್ದು ಕಾಣಿಸಿತು. "ಅಮ್ಮ, ಬೇರೆ ಕಡೆ ಹೇಗೋ ಗೊತ್ತಿಲ್ಲ. ಇಲ್ಲಿ ಮನುಷ್ಯರು ಮಾತ್ರ ಸಾಲಲ್ಲಿ ನಿಲ್ಲಬೇಕು. ಸಾಮಾನೆಲ್ಲ ಪಕ್ಕಕ್ಕಿಡಿ."

ಪೊಲೀಸಿನವನು ಎಲ್ಲವನ್ನೂ ಗೋಡೆಯ ಬುಡಕ್ಕೆ ಗುಡ್ಡೆ ಹಾಕಿದ. ಬೇರೆ ಬೀದಿಯವರು ಬಂದು ನನ್ನ ಬೆನ್ನಿಗೇ ನಿಂತರು. ನೋಡನೋಡುತ್ತಲೇ ಸಾಲು ಗೇಟು ದಾಟಿ ರಸ್ತೆಗೆ ಬಂತು. ರಸ್ತೆಯಾಚೆ ಹಳೇ ಮೆಂಬರ ಕಡೆಯವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಆ ಸಹಾಯಕನೂ ಇದ್ದ. "ಆ ಬೀದಿಯಿಂದ ಚಪ್ಪಲಿನಾದ್ರೂ ಬಂತಲ್ಲ, ಅದೇ ದೊಡ್ಡದು!" ಎಂದು ಹೊಟ್ಟೆ ಹುಣ್ಣಾಗುವಂತೆ ನಕ್ಕ. ಫೋನಿನಲ್ಲಿ ಯಾರಿಗೋ ಫೋಟೋ ಕಳಿಸಿದ. ನಾನು ಹಲ್ಲು ಕಚ್ಚಿಕೊಂಡೆ.

ಯಂತ್ರವೋ ಏನೋ ಕೆಟ್ಟು ಸಾಲು ಬಸವನಹುಳುವಿನ ಹಾಗೆ ಸಾಗಿತು. ಮಧ್ಯಾಹ್ನ ದಾಟಿತು. ನಾವು ಬಾಗಿಲಿಗೆ ಹತ್ತಿರವಾದಾಗ ಅತ್ತಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಬೇಕರಿಯವನು ಬಂದ. ತನ್ನ ಡಬ್ಬಿ ಗುಡ್ಡೆಯಲ್ಲಿ ಬಿದ್ದಿರುವುದನ್ನು ನೋಡಿದ. ರಸ್ತೆಯವರೆಗೆ ಬೆಳೆದ ಸಾಲನ್ನು ನೋಡಿದ. "ಅಯ್ಯೋ, ನನ್ನ ಜಾಗ ಹೋಯ್ತಾ? ಇನ್ನು ಅಷ್ಟು ಹೊತ್ತು ಯಾರು ನಿಲ್ತಾರೆ, ಬಿಡಕ್ಕ," ಎಂದು ಹೊರಟೇಹೋದ. ಮೇಷ್ಟ್ರು ಬಂದರು. ಅವರೂ ಅಷ್ಟೇ, "ನಾನು ಅವತ್ತೇ ಹೇಳಿದ್ದೆ ನೋಡಮ್ಮ" ಎಂದು ಊರುಗೋಲನ್ನೂ ಮರೆತು ಹಿಂತಿರುಗಿದರು. ಬಂದವರೆಲ್ಲ ಹಾಗೆಯೇ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ವಾಪಸ್ಸಾದರು. ಉಳಿದವರು ಫೋನನ್ನೇ ಎತ್ತಲಿಲ್ಲ.

ಅತ್ತಿಗೆ ಬಾಗಿಲಿಗೆ ಬಂದಾಗಿತ್ತು. ಒಳಗಿನಿಂದ, "ಮುಂದಿನವರು ಬನ್ನಿ," ಎಂದು ಕರೆದರು. ಅವಳು ಕದಲಲಿಲ್ಲ. ಗೋಡೆಯ ಬುಡದ ಗುಡ್ಡೆಯನ್ನೇ ನೋಡುತ್ತಿದ್ದಳು. ಬಾಯಿಯಲ್ಲಿದ್ದ ಲವಂಗವನ್ನು ಕಟಕ್ಕೆಂದು ಕಡಿದಳು.

"ಬಾರೇ," ಎಂದು ನನ್ನ ಕೈ ಹಿಡಿದು ಸಾಲಿನಿಂದ ಹೊರಗೆ ಬಂದಳು.

"ಅತ್ತಿಗೆ! ಬಾಗಿಲಲ್ಲೇ ಇದ್ದೀವಿ! ಹಾಕಿ ಹೋಗೋಣ!"

"ಎರಡು ವೋಟು ತಗೊಂಡು ನಿಮ್ಮಣ್ಣನ ಕಾಲು ಉಳಿಯುತ್ತಾ? ನಿನ್ನ ಗಂಟಿನ ಬಟ್ಟೆ ತಗೊಂಡು ಬಾ."

ಹೆಣ ಬಿದ್ದರೂ ಸಾಲು ಬಿಡದವಳು ಅವಳು. ಒಮ್ಮೆ ಆಸ್ಪತ್ರೆಯ ಸಾಲಿನಲ್ಲಿ ಜ್ವರದಿಂದ ನಡುಗುತ್ತಿದ್ದರೂ ಗಿರಾಕಿ ಬರುವತನಕ ಜಾಗ ಬಿಟ್ಟಿರಲಿಲ್ಲ. ಅಂಥವಳು ಬಾಗಿಲಿನಿಂದಲೇ ತಿರುಗಿ ಹೊರಟಳು. ಅಂಗಡಿಗೆ ಓಡಿ, ಬಟ್ಟೆ ಕಟ್ಟುವ ದೊಡ್ಡ ದುಪ್ಪಟಿ ತಂದೆ. ಇಬ್ಬರೂ ಸೇರಿ ಚಪ್ಪಲಿ, ಕೊಡೆ, ಡಬ್ಬಿ, ಕೋಲು ಎಲ್ಲವನ್ನೂ ಅದರಲ್ಲಿ ತುಂಬಿ ಗಂಟು ಕಟ್ಟಿದೆವು. ಸೈಕಲ್ಲನ್ನು ನಾನು ಕೊರಳಿಗೆ ಹಾಕಿಕೊಂಡೆ. ಎದುರುಗಡೆಯ ಕುರ್ಚಿಯವರು ಶಿಳ್ಳೆ ಹೊಡೆದರು. ನಾನು ಅವರಿಗೆ ಹೇಳಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಮೊದಲು ಬೇಕರಿ. ಅತ್ತಿಗೆ ಡಬ್ಬಿಯನ್ನು ಗಾಜಿನ ಮೇಲೆ ಠಣ್ಣೆಂದು ಇಟ್ಟಳು.

"ತಗೋ ನಿನ್ನ ಡಬ್ಬಿ. ನಿಮ್ಮಮ್ಮನ ಕಣ್ಣಿನ ಆಪರೇಷನ್‌ಗೆ ಯಾರಪ್ಪ ನಿಂತಿದ್ದು?"

"ನೀನೇ ಅಕ್ಕ."

"ನಿನ್ನ ಕರೆಂಟ್ ಕಿತ್ತಾಗ ಯಾರು ನಿಂತಿದ್ದು?"

"ನೀನೇ..."

"ಎಲ್ಲಾ ಕ್ಯೂನಲ್ಲೂ ನಿನ್ನ ಬದಲು ನಿಂತೆ. ಈ ಒಂದ್ರಲ್ಲಿ ಮಾತ್ರ ನನ್ನ ಕೈಲಿ ಆಗಲ್ಲ ಕಣೋ. ನೀನು ಎಷ್ಟು ಕೊಟ್ರೂ ಆಗಲ್ಲ. ಇಲ್ಲಿ ನಿನ್ನ ಜಾಗದಲ್ಲಿ ನೀನೇ ನಿಲ್ಬೇಕು. ಯಾರಿಗೆ ಹಾಕ್ತೀಯೋ ನನಗೆ ಬೇಡ. ಕಳ್ಳನಿಗೇ ಹಾಕು. ಆದ್ರೆ ಬಂದು ನಿಲ್ಲು."

ಬೇಕರಿಯವನು ಪಿಳಿಪಿಳಿ ಕಣ್ಣು ಬಿಟ್ಟ. ಅವಳು ಅಷ್ಟು ಉದ್ದ ಮಾತಾಡಿದ್ದನ್ನು ಈ ಬೀದಿ ಎಂದೂ ಕೇಳಿರಲಿಲ್ಲ. ಅವನು ಏಪ್ರನ್ ಬಿಚ್ಚಲಿಲ್ಲ, ಕೈಯ ಹಿಟ್ಟು ತೊಳೆಯಲಿಲ್ಲ, ಶಟರ್ ಎಳೆದುಕೊಂಡು ಹಾಗೆಯೇ ಬಂದ.

ಮೇಷ್ಟ್ರ ಮನೆಯಲ್ಲಿ ಬಾಗಿಲು ತೆಗೆದದ್ದು ಅವರ ಹೆಂಡತಿ. ಅತ್ತಿಗೆ ಹಿಂದೆಯೇ ಬಂದ ಮೇಷ್ಟ್ರಿಗೆ ಊರುಗೋಲು ಕೊಟ್ಟು, "ಮೇಷ್ಟ್ರೇ, ಮಕ್ಕಳ ಹಾಜರಿ ಕೂಗುವಾಗ ಬೇರೆಯವರು ಎಸ್ ಸಾರ್ ಅಂದ್ರೆ ಒಪ್ಕೋತಿದ್ರಾ?" ಎಂದು ಕೇಳಿದಳು. ಮೇಷ್ಟ್ರು ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಬಾಗಿಲಲ್ಲೇ ನಿಂತಿದ್ದ ಅವರ ಹೆಂಡತಿ, "ಅವಳು ಕೇಳಿದ್ದಕ್ಕೆ ಉತ್ತರ ಇಲ್ಲ ಅಲ್ವಾ? ಹಾಗಾದ್ರೆ ಅಂಗಿ ಹಾಕ್ಕೊಳ್ಳಿ" ಅಂದರು. ತಾವೂ ಸೆರಗು ಸರಿಮಾಡಿಕೊಂಡು ಅವರಿಗಿಂತ ಮೊದಲೇ ಹೊಸಿಲು ದಾಟಿದರು.

ಹೀಗೆ ಮನೆಮನೆಗೂ ಅವರವರ ಸಾಮಾನು ಕೊಡುತ್ತ ಹೋದೆವು. ಕೆಲವರಿಗೆ ಮಾತೇ ಬೇಕಾಗಲಿಲ್ಲ. ತಮ್ಮ ಚಪ್ಪಲಿಯನ್ನು ಅವಳು ಬಗ್ಗಿ ತಮ್ಮ ಕಾಲ ಬುಡದಲ್ಲಿಡುವುದನ್ನು ನೋಡಿ ನಾಚಿಕೆಯಿಂದ ಕಿವಿ ಕೆಂಪಾಗಿಸಿಕೊಂಡು ಮೆಟ್ಟಿಕೊಂಡರು. ಗಂಟು ಹಗುರಾಗುತ್ತ ಹೋಯಿತು, ಹಿಂದೆ ಜನ ಹೆಚ್ಚುತ್ತ ಹೋದರು. ಹೆಂಗಸರು, ಮುದುಕರು, ನಿದ್ದೆಗಣ್ಣಿನ ರಾತ್ರಿಪಾಳಿಯವರು, ಮೊದಲ ಸಲ ವೋಟು ಸಿಕ್ಕಿದ ಹುಡುಗಿಯರು. ಯಾರೋ ಕಿಟಕಿಯಿಂದ, "ಏನು ಮೆರವಣಿಗೇನಾ?" ಎಂದು ಕೇಳಿದರು. "ಇಳಿದು ಬಂದು ನೋಡು!" ಎಂದು ಮೇಷ್ಟ್ರೇ ಕೂಗಿದರು. ನನ್ನ ಎದೆ ಉಬ್ಬಿ, ಕೊರಳಲ್ಲಿದ್ದ ಸೈಕಲ್ಲಿನ ಭಾರವೂ ತಿಳಿಯಲಿಲ್ಲ.

ಹೊತ್ತು ಇಳಿಯುತ್ತಿತ್ತು. ಸಂಜೆ ಗೇಟು ಮುಚ್ಚುವಷ್ಟರಲ್ಲಿ ಒಳಗಿದ್ದವರಿಗೆ ಮಾತ್ರ ವೋಟು. ನಾವು ಲಗುಬಗೆಯಿಂದ ನಮ್ಮ ಅಂಗಡಿಯ ಮುಂದೆ ಬಂದೆವು. ಮೇಲೆ ಕಿಟಕಿಯಲ್ಲಿ ಅಣ್ಣ. ಬೀದಿಗೆ ಬೀದಿಯೇ ತನ್ನ ಕಾಲ ಕೆಳಗಿನಿಂದ ಹಾದುಹೋಗುವುದನ್ನು ಬಾಯಿ ತೆರೆದುಕೊಂಡು ನೋಡುತ್ತಿದ್ದ. ಅತ್ತಿಗೆ ತಲೆ ಎತ್ತಲಿಲ್ಲ. ಮುಂದೆ ನಡೆದಳು.

"ಲೇ!" ಎಂದು ಮೇಲಿನಿಂದ ಗುಡುಗು ಬಂತು. "ಊರವರನ್ನೆಲ್ಲ ಕರ್ಕೊಂಡು ಹೋಗ್ತಿದ್ದೀಯ, ನಾನು ಕಣ್ಣಿಗೆ ಕಾಣ್ಲಿಲ್ವಾ?"

"ನೀವೇ ಹೇಳಿದ್ರಲ್ಲರೀ, ಯಾರು ಬಂದ್ರೂ ಅಷ್ಟೇ ಅಂತ. ಕೂತ್ಕೊಳ್ಳಿ. ಬಂದು ಟೀ ಮಾಡ್ಕೊಡ್ತೀನಿ."

"ನನ್ನ ಕಾಲಿಗೋಸ್ಕರ ಊರು ನಿಲ್ಲುತ್ತೆ, ನಾನು ಕೂತಿರ್ಬೇಕಾ?"

ಅತ್ತಿಗೆ ಆಗ ನಿಂತಳು. ತಲೆಯೆತ್ತಿ ನೋಡಿದಳು. ಅವಳ ಕಣ್ಣುಗಳು ತುಂಬಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. "ಡ್ರೈವರ್ ಬದಲಾದ್ರೆ ಗುಂಡಿ ಮುಚ್ಚಲ್ಲ, ಒಪ್ಕೊಂಡೆ. ಆದ್ರೆ ಗಾಡೀನ ಬಾವಿ ಕಡೆ ಓಡಿಸ್ತೀನಿ ಅಂತ ಹೇಳ್ಕೊಂಡೇ ಓಡಿಸೋನನ್ನ ಇಳಿಸಬೇಕೋ ಬೇಡ್ವೋ? ಲಾರಿಯವರು ನೀವು, ನೀವೇ ಹೇಳಿ."

ಕಿಟಕಿ ಖಾಲಿಯಾಯಿತು. ಮೇಲೆ ಏನೋ ಉರುಳಿದ ಸದ್ದು. ನಾನು ಮೆಟ್ಟಿಲಿಗೆ ಓಡಿದೆ. ಅಣ್ಣ ಬಲಗೈಯಿಂದ ಸರಳು ಹಿಡಿದು, ಮೆಟ್ಟಿಲಿಗೊಮ್ಮೆ ಕೂತು ಎದ್ದು, ಎಡಗಾಲನ್ನು ಬೈಯುತ್ತ ಇಳಿಯುತ್ತಿದ್ದ. ಕೈ ಕೊಡಲು ಹೋದರೆ, "ಮುಟ್ಟಿದ್ರೆ ನೋಡು!" ಎಂದು ಗದರಿದ. ಕೆಳಗಿನ ಮೆಟ್ಟಿಲಿಗೆ ಬರುವಷ್ಟರಲ್ಲಿ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಬೀದಿಯವರು ಚಪ್ಪಾಳೆ ತಟ್ಟಿದರು. ಅತ್ತಿಗೆ ತಟ್ಟಲಿಲ್ಲ. ಹತ್ತಿರ ಬಂದು ಹೆಗಲು ಕೊಟ್ಟಳು. ಈ ಸಲ ಅವನು ಬೇಡ ಅನ್ನಲಿಲ್ಲ.

ರಸ್ತೆ ದಾಟುವಾಗ ಆ ಸಹಾಯಕ ಎದ್ದು ನಿಂತಿದ್ದ. ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. "ಟೈಮಾಯ್ತು ಕಣ್ರೀ, ಗೇಟ್ ಹಾಕಿ! ಏನು ನೋಡ್ತಾ ನಿಂತಿದೀರ?" ಎಂದು ಪೊಲೀಸಿನವನ ಮೇಲೆ ಹಾರಾಡಿದ. ಪೊಲೀಸಿನವನು ನಿಧಾನವಾಗಿ ತೋಳು ಎತ್ತಿ ಗಡಿಯಾರ ನೋಡಿದ. "ಇನ್ನೂ ಇದೆ ಸ್ವಾಮಿ," ಅಂದ. ಬೀದಿ ಗೇಟಿನೊಳಗೆ ನುಗ್ಗಿತು. ಕೊನೆಯವರಾಗಿ ಅಣ್ಣ, ಅತ್ತಿಗೆ. ಅಣ್ಣನ ಎಡಗಾಲು ಹೊಸಿಲಿನಲ್ಲಿ ತಡೆಯಿತು. ಅವನು ತೊಡೆಗೆ ಕೈ ಕೊಟ್ಟು ಕಾಲನ್ನು ಎತ್ತಿ ಒಳಗೆ ಇಟ್ಟ. ಆಮೇಲೆ ಪೊಲೀಸಿನವನು ಗೇಟು ಎಳೆದ.

ಶಾಲೆಯ ಅಂಗಳ ತುಂಬಿಹೋಯಿತು. ಸುದ್ದಿ ತಿಳಿದು ಅಧಿಕಾರಿಯಮ್ಮ ಹೊರಗೆ ಬಂದರು. ಬೆಳಗಿನ ಚಪ್ಪಲಿಗಳು ಈಗ ಕಾಲುಗಳ ಸಮೇತ ನಿಂತಿದ್ದವು. ಅವರು ಅದನ್ನು ನೋಡಿದರು, ಅತ್ತಿಗೆಯನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. ಅಣ್ಣನಿಗೆ, "ನೀವು ನಿಲ್ಬೇಕಾಗಿಲ್ಲ ಯಜಮಾನ್ರೇ, ನೇರವಾಗಿ ಒಳಗೆ ಬನ್ನಿ, ನಿಯಮ ಇದೆ," ಅಂದರು.

ಅಣ್ಣ ತಲೆಯಾಡಿಸಿದ. "ಬೇಡ ತಾಯಿ. ಊರವರ ಕ್ಯೂನಲ್ಲೆಲ್ಲ ನನ್ನ ಹೆಂಡ್ತಿ ಒಬ್ಬಳೇ ನಿಂತಿದಾಳೆ. ಇವತ್ತೊಂದು ದಿನ ನಾನು ಅವಳ ಪಕ್ಕ ನಿಲ್ತೀನಿ. ಬಿಡಿ."

ಅತ್ತಿಗೆ ಮುಖ ಆಚೆ ತಿರುಗಿಸಿಕೊಂಡಳು. ನಾನು ಗೊಳೋ ಎಂದು ಅತ್ತುಬಿಟ್ಟೆ, ಹೇಳಲು ನನಗೇನೂ ನಾಚಿಕೆಯಿಲ್ಲ.

ಮೇಷ್ಟ್ರು ಅವರಿಬ್ಬರನ್ನೂ ತಮ್ಮ ಮುಂದೆ ನಿಲ್ಲಿಸಿಕೊಂಡರು. ಹೊತ್ತು ಮುಳುಗುವವರೆಗೂ ನಿಂತೆವು. ನಿಂತು ರೂಢಿಯಿಲ್ಲದ ಜನ! ಬೇಕರಿಯವನು ಕಾಲು ಬದಲಿಸಿ ಬದಲಿಸಿ ಸೋತ. "ಅಕ್ಕ, ದಿನಾ ಹೀಗೇ ನಿಲ್ತೀಯಾ? ಇನ್ಮೇಲೆ ನಿನಗೆ ಜಾಸ್ತಿ ಕೊಡ್ಬೇಕು ಕಣಕ್ಕ," ಎಂದ. "ಒಂದು ಕಾಲಿಗೆ ಭಾರ ಹಾಕು, ಇನ್ನೊಂದು ಮಲಗ್ಲಿ," ಎಂದು ಅತ್ತಿಗೆ ಕಲಿಸಿಕೊಟ್ಟಳು. ಬೀದಿಯವರೆಲ್ಲ ಒಂಟಿಕಾಲಿನ ಕೊಕ್ಕರೆಗಳಾದರು. ಅಣ್ಣ ಮಾತ್ರ, "ನನಗೆ ಇದು ಮೊದ್ಲೇ ಬರುತ್ತೆ," ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನ ಕಾಲು ನಡುಗುತ್ತಿತ್ತು. ಆದರೂ ಕೂರಲಿಲ್ಲ.

ಬಾಗಿಲು ಬಂತು. ಅಣ್ಣ ಒಳಗೆ ಹೋಗಿ ಬಂದ. "ಮುಂದಿನವರು" ಎಂದು ಕರೆದಾಗ ಅತ್ತಿಗೆ ಪಕ್ಕಕ್ಕೆ ಸರಿದು, ಹಿಂದಿದ್ದ ಮೇಷ್ಟ್ರಿಗೆ ಕೈತೋರಿ ದಾರಿ ಬಿಟ್ಟಳು. ಅಭ್ಯಾಸ ನೋಡಿ! ಕಿಟಕಿ ಬಂದೊಡನೆ ಜಾಗ ಬಿಡುವುದು ಅವಳ ಮೈಗಂಟಿದ ಗುಣ. ಮೇಷ್ಟ್ರು ಒಂದು ಹೆಜ್ಜೆಯೂ ಇಡಲಿಲ್ಲ. "ಇದು ನಿಂದೇ ಪಾಳಿ ಕಣಮ್ಮ," ಅಂದರು. ಅವಳು ಬೆಚ್ಚಿದಂತೆ ನಮ್ಮನ್ನೆಲ್ಲ ಒಮ್ಮೆ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಬೆನ್ನು ನೆಟ್ಟಗೆ ಮಾಡಿಕೊಂಡು ಒಳಗೆ ಹೋದಳು.

ಎಣಿಕೆಯ ದಿನ ಯಾರೂ ಕೆಲಸ ಮಾಡಲಿಲ್ಲ. ನನ್ನ ಅಂಗಡಿಯ ರೇಡಿಯೋ ಸುತ್ತ ಬೀದಿ ನೆರೆದಿತ್ತು. ಮೊದಲೆಲ್ಲ ಹಳೇ ಮೆಂಬರೇ ಮುಂದು. ನಮ್ಮ ಮುಖಗಳು ಬಾಡಿದವು. ಆಮೇಲೆ ನಮ್ಮ ಶಾಲೆಯ ಮತಗಟ್ಟೆಯ ಸರದಿ ಬಂತು. ರೇಡಿಯೋದವನೇ ತಡವರಿಸಿದ, ಇನ್ನೊಮ್ಮೆ ಓದಿದ. ಒಂದೇ ಏಟಿಗೆ ಕಂಡಕ್ಟರು ಮುಂದೆ ಹೋದ, ಮತ್ತೆ ಹಿಂದೆ ಬೀಳಲೇ ಇಲ್ಲ. ಬೇಕರಿಯವನು ನನ್ನ ಇಸ್ತ್ರಿ ಮೇಜನ್ನೇ ಹತ್ತಿ ಕುಣಿದ. ಕಾಲು ಮುರಿದದ್ದು ಮೇಜಿನದು, ಸದ್ಯ. ಎಣಿಕೆ ಕೋಣೆಯಲ್ಲಿ ಹಳೇ ಮೆಂಬರು ತನ್ನ ಸಹಾಯಕನನ್ನು ನೋಡಿ, "ಆ ಬೀದೀಲಿ ಇಷ್ಟು ಜನ ಇದಾರಾ?" ಎಂದು ಕೇಳಿದನಂತೆ. ಇದ್ದೇವೆ ಸ್ವಾಮಿ. ಆಗಲೂ ಇದ್ದೆವು. ನಿಮಗೆ ಕಾಣಿಸಲು ನಾವು ಬಂದು ನಿಲ್ಲಬೇಕಾಯಿತು, ಅಷ್ಟೇ.

ಸ್ವರ್ಗವೇನೂ ಇಳಿದುಬರಲಿಲ್ಲ. ಬೀದಿದೀಪ ಇಂದಿಗೂ ಕಣ್ಣು ಮಿಟುಕಿಸುತ್ತದೆ. ರಸ್ತೆಯ ಗುಂಡಿಗಳು ತಮ್ಮ ಪಾಡಿಗೆ ತಾವಿವೆ. ಆದರೆ ಹೊಸ ಮೆಂಬರನ ಮೊದಲ ಸಭೆಯಲ್ಲೇ ಕಾರು ನಿಲ್ಲಿಸುವ ಕಟ್ಟಡದ ಮಾತು ಬಿದ್ದುಹೋಯಿತು, ಆಸ್ಪತ್ರೆಯ ಗೋಡೆಯ ನೋಟೀಸನ್ನು ಕಿತ್ತರು. ಕೀಳುವಾಗ ಅಂಟು ಬಿಡದ ಒಂದು ಮೂಲೆಯನ್ನು ಅತ್ತಿಗೆ ಉಗುರಿನಿಂದ ಕೆರೆದು ಕೆರೆದು ತೆಗೆದಳು. ಮರುದಿನವೇ ಪಿಂಚಣಿಯ ಕಿಟಕಿಯ ಮುಂದೆ ಯಾರದೋ ಬದಲಿಗೆ ನಿಂತಿದ್ದಳು.

ಕೆಲವು ತಿಂಗಳ ಮೇಲೆ ಕಂಡಕ್ಟರು ನಮ್ಮ ಬೀದಿಗೆ ಬಂದ. ಹಿಂದೆ ನಾಲ್ಕು ಜನ, ಕೊರಳಲ್ಲಿ ಹಾರ. ನನ್ನ ಅಂಗಡಿಯ ಮುಂದೆ ನಿಂತು ಮೈಕಿಲ್ಲದಿದ್ದರೂ ಮೈಕಿನ ಗಂಟಲಲ್ಲಿ, "ನೀವೇ ನನ್ನ ಗೆಲ್ಲಿಸಿದ್ದು! ನಿಮ್ಮ ಋಣ ಮರೆಯಲ್ಲ!" ಎಂದು ಶುರುಮಾಡಿದ. ಅಣ್ಣ ಅದೇ ತಾನೇ ಮೆಟ್ಟಿಲಿಳಿದು ಆಸ್ಪತ್ರೆಗೆ ಹೊರಟಿದ್ದ. ಅತ್ತಿಗೆ ಕೆಲಸಕ್ಕೆ ಹೋಗಿಯಾಗಿತ್ತು. ಅವನ ಕೈಯಲ್ಲಿ ಕೋಲೂ ಇರಲಿಲ್ಲ. ಕಂಡಕ್ಟರು ಓಡಿಹೋಗಿ ಅವನ ಕೈ ಹಿಡಿದುಕೊಂಡ.

ಅಣ್ಣ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ಋಣ ಎಲ್ಲಾ ಬೇಡಪ್ಪ," ಅಂದ. "ದೀಪ ಹಾಕ್ಸು, ಗುಂಡಿ ಮುಚ್ಚು. ಮುಂದಿನ ಚುನಾವಣೆಗೂ ಈ ಬೀದಿ ಇಲ್ಲೇ ಇರುತ್ತೆ. ಈಗ ಕೈ ಬಿಡು, ನನಗೆ ಹೊತ್ತಾಯ್ತು."

ಮೆಂಬರು ಕೈ ಬಿಟ್ಟು ದಾರಿ ಕೊಟ್ಟ. ಅವನ ಹಿಂದಿದ್ದವರೂ ಗೋಡೆಗೆ ಒತ್ತಿ ನಿಂತರು. ಅಣ್ಣ ಎಡಗಾಲನ್ನು ಸ್ವಲ್ಪ ಎಳೆಯುತ್ತ, ಯಾರನ್ನೂ ಏನನ್ನೂ ಹಿಡಿಯದೆ, ಬೀದಿಯ ನಟ್ಟನಡುವೆ ಆಸ್ಪತ್ರೆಯ ಕಡೆಗೆ ನಡೆದುಕೊಂಡು ಹೋದ.